ದೃಷ್ಟಿಗೆ ಕಟ್ಟಿದ್ದು

ಕಾರ್ಖಾನೆಯ ಮೊದಲ ಎಲೆಕ್ಟ್ರಿಕ್ ಕಾರಿನ ಬಾನೆಟ್ಟಿನೊಳಗೆ ಮೇಸ್ತ್ರಿ ಸಿದ್ದಪ್ಪ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟುವುದನ್ನು ಕಂಡು ಡಿಸೈನರ್ ಸುಮಂಗಲಾ ನಕ್ಕಿದ್ದಳು.

"ಇದ್ಯಾವ ಪಾರ್ಟು, ಸಿದ್ದಪ್ಪಣ್ಣ?"

"ಊರ ಕಣ್ಣು ಬೀಳ್ಬಾರ್ದಲ್ಲವ್ವಾ!"

ಕಣ್ಣು ಬಿದ್ದೇ ಬಿತ್ತು. ಆ ಕಾರನ್ನು ಕೊಂಡೊಯ್ದ ವಿದೇಶಿ ಕಂಪನಿ, ವರ್ಷದೊಳಗೆ ಥೇಟ್ ಅಂಥದ್ದನ್ನೇ ಅಗ್ಗದ ಬೆಲೆಗೆ ಪೇಟೆಗೆ ಬಿಟ್ಟಿತು.

"ಕದ್ದಿದಾರೆ ಅಂತ ತೋರ್ಸಮ್ಮ. ಇಲ್ದಿದ್ರೆ ನಿನ್ನ ವಿಭಾಗಕ್ಕೆ ಬೀಗ," ಎಂದರು ಯಜಮಾನರು.

ಸುಮಂಗಲಾ ಆ ಕಂಪನಿಯ ಶೋರೂಮಿಗೇ ಹೋಗಿ ಕೇಳಿದಳು.

"ಕಾಪಿನಾ? ಏನ್ ಮೇಡಂ ನೀವು! ಒಂದೊಂದು ಪಾರ್ಟೂ ನಮ್ಮೋರ ತಲೆಯಿಂದಾನೇ ಹುಟ್ಟಿದ್ದು. ಕ್ವಾಲಿಟಿ ನೋಡಿ!" ಎಂದು ಮ್ಯಾನೇಜರ್ ಠೀವಿಯಿಂದ ಬಾನೆಟ್ ಎತ್ತಿದ.

ಮೋಟರಿನ ಪಕ್ಕದಲ್ಲಿ, ಎಂದೂ ಬಾಡದ ಪ್ಲಾಸ್ಟಿಕ್ಕಿನ ನಿಂಬೆಹಣ್ಣೊಂದು ಮೆಣಸಿನಕಾಯಿಗಳ ಸಮೇತ, ಸ್ಕ್ರೂ ಹಾಕಿಸಿಕೊಂಡು ಭದ್ರವಾಗಿ ಕೂತಿತ್ತು.