ಕಣವಿಕೆರೆಯಲ್ಲಿ ಮೆಲ್ಲಗೆ ಮಾತು

ಕಣವಿಕೆರೆ ಪಕ್ಷಿಧಾಮದ ಗೇಟು ತೆರೆದ ಫಕೀರವ್ವ, ಆ ದಿನ ಬಂದಿದ್ದ ಒಬ್ಬಳೇ ಪ್ರವಾಸಿಗೆ ದುರ್ಬೀನು ಕೊಟ್ಟು, "ಮೆಲ್ಲಗ ಮಾತಾಡ್ರಿ ಅಕ್ಕಾರ" ಎಂದಳು. ಲೋಕದ ಹಕ್ಕಿಗಳೆಲ್ಲ ಇಲ್ಲವಾಗಿ ಇಪ್ಪತ್ತೆರಡು ವರ್ಷವಾಗಿತ್ತು. ಜನ ಈಗ ಜಾಲಿಮರಗಳ ಮೇಲಿನ ಖಾಲಿ ಗೂಡು ನೋಡಲು ಬರುತ್ತಿದ್ದರು.

ಹಕ್ಕಿಗಳಿದ್ದ ಕೊನೆಯ ಚಳಿಗಾಲದಲ್ಲೇ ಫಕೀರವ್ವನ ಮದುವೆಯಾಗಿತ್ತು. ಹಕ್ಕಿ ಬೆದರೀತೆಂದು ದೀಪಾವಳಿಗೂ ಪಟಾಕಿ ಹಚ್ಚದ ಊರಿನಲ್ಲಿ ಗಂಡಿನ ಕಡೆಯವರು ಒಂದು ಸರ ಹಚ್ಚಿಬಿಟ್ಟಿದ್ದರು. ಮರುದಿನ ಕೆರೆಯಲ್ಲಿ ಒಂದು ಹಕ್ಕಿಯೂ ಇರಲಿಲ್ಲ. ಲೋಕದ ಯಾವ ಕೆರೆಯಲ್ಲೂ ಇಲ್ಲವೆಂದು ರೇಡಿಯೊ ಹೇಳಿದರೂ ಊರು ಅವಳನ್ನೇ ನೋಡಿತು. ಸುಮ್ಮನಿದ್ದರೆ ಮರಳಿ ಬಂದಾವೆಂದು ಅಂದಿನಿಂದ ಅಲ್ಲಿ ಡೊಳ್ಳು ಬಾರಿಸುವವರಿಲ್ಲ. ಕೂಸಿನ ತೊಟ್ಟಿಲು ತೂಗುವಾಗಲೂ ಪಿಸುದನಿಯ ಹಾಡು.

"ಇಲ್ಲಿ ಹೆದರೋಕೆ ಹಕ್ಕಿ ಎಲ್ಲಿದೆ?" ಎನ್ನುತ್ತ ಪ್ರವಾಸಿ ಜೋರಾಗಿ ಚಪ್ಪಾಳೆ ತಟ್ಟಿದಳು.

ಸದ್ದು ಆಚೆ ದಂಡೆಗೆ ಹೋಗಿ ಮರಳಿ ಬಂತು. ಫಕೀರವ್ವ ಹಣೆಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ಆಕಾಶ ನೋಡಿದಳು. ಆಮೇಲೆ ದುರ್ಬೀನು ಮರಳಿ ಇಸಿದುಕೊಳ್ಳುತ್ತ ಮೆಲ್ಲಗೆ ಅಂದಳು:

"ಊರಾಗ ಯಾರರೆ ಕೇಳಿದ್ರ, ಚಪ್ಪಾಳಿ ತಟ್ಟಿದಾಕಿ ಫಕೀರವ್ವ ಅಂತ ಹೇಳ್ರಿ. ಹೆಂಗೂ ಆ ತಪ್ಪು ನನ್ನ ತಲಿ ಮ್ಯಾಲನ ಐತಿ."