ಸುಕ್ಕಿನ ಪಾತ್ರ

"ಏನ್ ಮಾಡ್ಕೊಂಡ್ ಬಂದಿದೀಯ ಮಾರಾಯ್ತಿ?" ಎಂದು ಡೈರೆಕ್ಟರ್ ಡನ್ನಿಗನ್ ತಲೆಯ ಮೇಲೆ ಕೈ ಹೊತ್ತುಕೊಂಡ.

ಎದುರಿಗೆ ಲೋರೇನ್ ವಿಕರಿ ಕೂತಿದ್ದಳು. ಹೋದ ವಾರ ಬರ್ಬ್ಯಾಂಕಿನ ಇದೇ ಸ್ಟುಡಿಯೋದಲ್ಲಿ, ಸುಕ್ಕು ತೆಗೆಯುವ ಕ್ರೀಮಿನ ಜಾಹೀರಾತಿಗೆ ಅವನೇ ಅವಳನ್ನು ಆರಿಸಿದ್ದ. ಆರಿಸಿದ್ದು ಕ್ರೀಮು ಹಚ್ಚುವ ಮುಂಚಿನ ಮುಖಕ್ಕೆ. ಕೆಲಸ ಸಿಕ್ಕಿದ ಖುಷಿಗೆ ಅವಳು ಅವತ್ತೇ ಡಾಕ್ಟರ ಹತ್ತಿರ ಓಡಿ ಮುಖದ ತುಂಬ ಸುಕ್ಕು ಅಳಿಸುವ ಬೊಟಾಕ್ಸ್ ಸೂಜಿ ಚುಚ್ಚಿಸಿಕೊಂಡಿದ್ದಳು. ಹಾಲಿವುಡ್ಡಿನಲ್ಲಿ ಕೆಲಸ ಸಿಕ್ಕವರು ಮೊದಲು ಮಾಡುವುದೇ ಅದು. ಈಗ ಅವಳ ಹಣೆಯ ಮೇಲೆ ನೊಣ ಕೂತರೆ ಜಾರಿ ಗಲ್ಲಕ್ಕೆ ಬೀಳಬೇಕು, ಹಾಗಿತ್ತು.

"ಚೆನ್ನಾಗಿ ಕಾಣ್ಲಿ ಅಂತ ಮಾಡಿಸ್ಕೊಂಡೆ ಕಣೋ."

"ಚೆನ್ನಾಗಿ ಕಾಣೋರು ಈ ಊರಲ್ಲಿ ಹೋಟ್ಲಲ್ಲಿ ಕಾಫಿ ತಂದ್ಕೊಡ್ತಾರೆ. ನಂಗೆ ಬೇಕಾಗಿದ್ದು ಸುಕ್ಕು. ಹೊರಗೆ ಬೆಂಚ್ ತುಂಬ ಸುಕ್ಕು ಕೂತಿದೆ. ನೀನಿನ್ನು ಹೊರಡು ತಾಯಿ."

ಲೋರೇನ್ ಏಳಲಿಲ್ಲ. ಮಾಡೆಲ್ ಆಗಿದ್ದಾಗ ಸನ್‌ಸೆಟ್ ರಸ್ತೆಯ ಜಾಹೀರಾತು ಫಲಕದಲ್ಲಿ ಅವಳ ಚಿತ್ರ ಕತ್ತೆತ್ತಿ ನೋಡುವಷ್ಟು ದೊಡ್ಡದಿತ್ತು. ನೋಡುತ್ತ ನೋಡುತ್ತ ಕಾರುಗಳು ಡಿಕ್ಕಿ ಹೊಡೆಯುತ್ತಿದ್ದವಂತೆ. ಅವಳು ಹೇಳಿದಾಗಲೆಲ್ಲ ಒಂದು ಕಾರು ಹೆಚ್ಚಾಗುತ್ತಿತ್ತು. ಆಮೇಲೆ ದೆವ್ವದ ಸಿನಿಮಾಗಳಲ್ಲಿ ಕಿರುಚುತ್ತ ಓಡಿದಳು. ಈಚೆಗೆ ಬರೀ ಹೆಣದ ಪಾತ್ರ. ಕಳೆದ ಸಲ ಹೆಣ ಉಸಿರಾಡಿತೆಂದು ಅದರಿಂದಲೂ ತೆಗೆದುಹಾಕಿದ್ದರು. ಇದೂ ಹೋದರೆ ಇನ್ನು ಯಾರೂ ಕರೆಯುವುದಿಲ್ಲ.

"ಪೆನ್ಸಿಲ್ ತಗೊ," ಅಂದಳು. "ಎಷ್ಟು ಸುಕ್ಕು ಬೇಕೋ ಬರ್ಕೊ."

ಅವನು ಗೊಣಗುತ್ತಲೇ ಊರಿನ ರಸ್ತೆಗಳನ್ನೆಲ್ಲ ಅವಳ ಮುಖದ ಮೇಲೆ ಬರೆದ. ಕ್ಯಾಮೆರಾ ಓಡಿತು. "ಈಗ ದುಃಖ ತೋರ್ಸು. ಗಂಡ ಬಿಟ್ಟುಹೋದ ಹಾಗೆ."

ಸೂಜಿಗೆ ಮರಗಟ್ಟಿದ ಮುಖ ಮಿಸುಕಲಿಲ್ಲ.

"ತೋರ್ಸು ಅಂದ್ನಲ್ಲ."

"ತೋರಿಸ್ತಾನೇ ಇದೀನಪ್ಪ."

ಡನ್ನಿಗನ್ ಬೇಸತ್ತು, ಕೈಗೆ ಸಿಕ್ಕಿದ ಅದೇ ಕ್ರೀಮನ್ನು ಬಳಿದು ಪೆನ್ಸಿಲ್ ಗೆರೆ ಒರೆಸಿದ. ಮುಖ ಫಳಫಳ ಹೊಳೆಯಿತು. ಮೂಲೆಯಲ್ಲಿ ಕೂತಿದ್ದ ಕ್ರೀಮು ಕಂಪನಿಯ ಪೆಲ್ಟಿಯರ್ ಎದ್ದು ನಿಂತ. "ಅರೆ, ನಮ್ಮ ಕ್ರೀಮು ಕೆಲ್ಸ ಮಾಡ್ತಿದೆಯಲ್ರೀ," ಎಂದ. ಇಷ್ಟು ವರ್ಷ ಅದನ್ನು ಮಾರಿದವನು ಅದು ಕೆಲಸ ಮಾಡುವುದನ್ನು ಈಗಲೇ ಮೊದಲ ಸಲ ನೋಡುತ್ತಿದ್ದ. "ಹಚ್ಚಿದ್ಮೇಲಿನ ಮುಖಾನೂ ಇವಳದ್ದೇ ಇರ್ಲಿ. ಬೇರೆ ಹುಡುಗಿ ಬೇಡ."

ಲೋರೇನ್‌ಗೆ ಕುಣಿಯುವಷ್ಟು ಖುಷಿಯಾಯಿತು. ಅದೂ ಮುಖದ ಮೇಲೆ ಬರಲಿಲ್ಲ.

ಕ್ಯಾಮೆರಾ ಓಡುತ್ತಲೇ ಇತ್ತು; ಒರೆಸುವ ಮುಂಚಿನ, ಒರೆಸಿದ ಮೇಲಿನ ಎರಡೂ ಮುಖಗಳನ್ನು ಡನ್ನಿಗನ್ ಟಿವಿಯಲ್ಲಿ ಅಕ್ಕಪಕ್ಕ ಇಟ್ಟ. ಗೆರೆ ಬಿಟ್ಟರೆ ಎರಡೂ ಒಂದೇ.

"ಹೋದ್ ವಾರ ಊರಿನ ಹೆಂಗಸರನ್ನೆಲ್ಲ ನೋಡ್ದೆ," ಎಂದ. "ಬದುಕಿ ಬಾಳಿದ ಮುಖ ಅಂತ ಇದ್ದಿದ್ದು ನಿಂದೊಂದೇ. ಅದನ್ನೇ ತೆಗೆಸ್ಕೊಂಡು ಬಂದ್ಯಲ್ಲ."

ಅವಳು ಟಿವಿಯತ್ತ ತಿರುಗಿದಳು. ಹುಬ್ಬು ಅಲುಗಲಿಲ್ಲ, ತುಟಿ ಅದುರಲಿಲ್ಲ. ಗೋಡೆ ಸೋರಿದ ಹಾಗೆ ಎರಡೂ ಕಣ್ಣಿಂದ ನೀರು ಸುಮ್ಮನೆ ಇಳಿಯತೊಡಗಿತು.

ಡನ್ನಿಗನ್ ಕಾಗದದ ಕರವಸ್ತ್ರ ಎಸೆದ.

"ಇದನ್ನ ದುಃಖ ತೋರ್ಸು ಅಂದಾಗ್ಲೇ ಸುರಿಸ್ಬೇಕಿತ್ತು. ಒರೆಸ್ಕೊ, ಈಗಿಂದು ಸುಖದ ಸೀನು."