ಹೊಸ ಗಿರಾಕಿ

ಇಸ್ತ್ರಿ ಮುಗಿದ ಬಿಳಿ ಕೋಟನ್ನು ಪೇಚಿಯಮ್ಮ ರೂಢಿಯಂತೆ ಡಾಕ್ಟರ ಮನೆಯ ಗಂಟಿಗೆ ಸೇರಿಸಿದಳು.

“ಅಯ್ಯೋ ಅಮ್ಮಾ, ಅದು ನಂದು!” ಮಗಳು ಮುತ್ತುಮಾರಿ ಓಡಿಬಂದಳು. “ಹನ್ನೊಂದನೇ ಕ್ಲಾಸಿಗೆ ಸೈನ್ಸ್ ತಗೊಂಡಿದೀನಿ. ಲ್ಯಾಬಿಗೆ ಬೇಕು.”

ವೈಗೈ ನದಿಯಿಂದ ಒದ್ದೆ ಬಟ್ಟೆ ಹೊತ್ತು ತಂದ ಅಪ್ಪ ಕರುಪ್ಪಯ್ಯ ನಕ್ಕ. “ಹೊಲಿಗೆ ಕೋರ್ಸು ತಗೋ ಅಂದ್ರೆ ಇದೇನೇ? ಕೋಟು ಒಗೆಯೋರ ಮನೇಲಿ ಕೋಟು ಹಾಕ್ಕೊಳ್ಳೋರು ಯಾರೇ?”

ಪೇಚಿಯಮ್ಮ ಗಂಟು ಬಿಚ್ಚಿ ಕೋಟನ್ನು ಹೊರತೆಗೆದಳು. ಊರವರ ಬಟ್ಟೆಗೆಲ್ಲ ಮನೆಗೊಂದು ಗುರುತು ಹಾಕುವ ಅವಳು, ಸ್ವಂತ ಮನೆಯ ಬಟ್ಟೆಗೆ ಎಂದೂ ಹಾಕಿದವಳಲ್ಲ. ಈಗ ಕಡ್ಡಿಯನ್ನು ಮಸಿಯಲ್ಲಿ ಅದ್ದಿ, ಕಾಲರಿನ ಒಳಗೆ ಯಾರಿಗೂ ಇಲ್ಲದ ಗುರುತೊಂದನ್ನು ಬರೆದಳು. ಅದನ್ನು ಗಂಡನಿಗೆ ತೋರಿಸಿದಳು.

“ನೋಡ್ಕೊಳಯ್ಯಾ, ಹೊಸ ಗಿರಾಕಿ. ವಾರಕ್ಕೊಂದ್ಸಲ ನೀನೇ ಒಗೀಬೇಕು.”